ಒಂದು ವಿಮಾನಕ್ಕೆ ಹದಿನಾರು ಸಾವಿರ ಗುಂಡು

ಈ ಸಲದ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಎರಡು ಕಂತಿನ ಹಿಂದೆ ಪಾಡ್‌ಕಾಸ್ಟಿನಲ್ಲಿ ಮಾತು ಎಲ್ಲಿಂದಲೋ ಎಲ್ಲಿಗೋ ಹೋಗಿ ನಾನೊಂದು ಅಂಕಿ ಹೇಳಿ ನಕ್ಕಿದ್ದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಒಂದು ವಿಮಾನ ಬೀಳಿಸೋಕೆ ಸರಾಸರಿ 16,000 ಫಿರಂಗಿ ಗುಂಡು ಖರ್ಚು ಮಾಡ್ತಿದ್ದರು ಅಂತ. "ಆ ದುಡ್ಡಲ್ಲಿ ಪ್ರತಿ ಪೈಲಟ್ಟಿಗೂ ಒಂದೊಂದು ಮನೆ ಕಟ್ಟಿಸಿಕೊಟ್ಟು, ದಯವಿಟ್ಟು ಬರಬೇಡಿ ಅಂದಿದ್ದರೂ ಆಗ್ತಿತ್ತು" ಅಂತ ಬೇರೆ ಸೇರಿಸಿದ್ದೆ. ಅಂಕಿ ಸುಳ್ಳಲ್ಲ. ಆದರೆ ಅದನ್ನು ನಾನು ಬಳಸಿದ ರೀತಿ ಸರಿಯಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಇಂಥ ಒಂದು ಸರಾಸರಿ ತಂದು ಮುಂದಿಟ್ಟರೆ ಹತ್ತು ಪ್ರಶ್ನೆ ಕೇಳುವವನು ನಾನು. ಮೈಕಿನ ಮುಂದೆ ಕೂತಾಗ ಒಂದೂ ಕೇಳಿಕೊಳ್ಳಲಿಲ್ಲ.

ಅದು ತಲೆಗೆ ಹೊಳೆದದ್ದು ಅಪ್ಪನಿಂದ. ಈ ಬೇಸಿಗೆಯಲ್ಲಿ ಅಪ್ಪ ಅಮ್ಮ ಸಾಗರದಿಂದ ಬಂದಿದ್ದರು. ಹ್ಯಾಂಬರ್ಗಿಗೆ ಬಂದವರನ್ನು ಎಲ್ಲರೂ ಕರೆದುಕೊಂಡು ಹೋಗುವ ಜಾಗಗಳಿಗೆಲ್ಲ ಕರೆದುಕೊಂಡು ಹೋದೆ. ಬಂದರು, ಕಾಲುವೆಗಳು, ಸಂಗೀತ ಭವನ, ಎಲ್ಲಾ ಆಯ್ತು. ಕೊನೆಗೆ ಫೆಲ್ಡ್‌ಸ್ಟ್ರಾಸೆ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಎದುರಿಗೇ ಒಂದು ಕಾಂಕ್ರೀಟಿನ ಗುಡ್ಡ. ನಿಜವಾಗಿ ಗುಡ್ಡವಲ್ಲ, ಕಟ್ಟಡ. ಒಂದೊಂದು ಬದಿ 75 ಮೀಟರ್. ಈಗ ಅದರ ನೆತ್ತಿಯ ಮೇಲೆ ಇನ್ನಷ್ಟು ಮಹಡಿ ಕೂರಿಸಿ, ಹೋಟೆಲ್ ಮಾಡಿ, ಗಿಡಮರ ನೆಟ್ಟಿದ್ದಾರೆ. 2024ರಿಂದ ಹೊರಗೋಡೆ ಸುತ್ತಿಕೊಂಡು ಮೇಲೇರುವ ದಾರಿಯಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನಡೆದುಕೊಂಡು ತುದಿಗೆ ಹೋಗಬಹುದು. ನಾವು ಹೋದಾಗ ಕೆಳಗಿನ ಮೈದಾನದಲ್ಲಿ ಡೋಮ್ ಅನ್ನುವ ಜಾತ್ರೆ ನಡೀತಿತ್ತು. ಅಮ್ಮ ತೊಟ್ಟಿಲು, ದೀಪ ಎಲ್ಲ ನೋಡಿ "ನಮ್ಮ ಮಾರಿಜಾತ್ರೆ ಥರಾನೇ ಇದೆ" ಅಂದರು. ಅಪ್ಪ ಮಾತ್ರ ಗೋಡೆ ಮುಟ್ಟಿ ನೋಡ್ತಾ ಇದ್ದರು. ಮೂವತ್ತು ವರ್ಷ ಕೆಇಬಿಯಲ್ಲಿ ದುಡಿದವರು. ಯಾವ ಕಟ್ಟಡ ಕಂಡರೂ ಮೊದಲು ಅದರ ದಪ್ಪ ನೋಡೋದು ಅವರ ಅಭ್ಯಾಸ.

ಇದು 1942ರಲ್ಲಿ ಕಟ್ಟಿದ ಫ್ಲಾಕ್ ಗೋಪುರ, ವಿಮಾನ ಹೊಡೆಯುವ ಫಿರಂಗಿಗಳು ಇದರ ಮೇಲಿದ್ದವು, ಗೋಡೆ ಮೂರೂವರೆ ಮೀಟರ್ ದಪ್ಪ, ಸೂರೂ ಅಷ್ಟೇ, ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲ ಕಣೋ, ಇಷ್ಟೆಲ್ಲಾ ಮಾಡಿ ಕೊನೆಗೆ ಎಷ್ಟು ವಿಮಾನ ಬಿದ್ವು?"

ನಾನು ಅದೇ 16,000ದ ಕಥೆ ಹೇಳಿದೆ. ಅಪ್ಪ ನಗಲಿಲ್ಲ. "ಹಾಗಾದ್ರೆ ಬುದ್ಧಿ ಇರೋರು ಮೊದಲನೇ ವರ್ಷವೇ ನಿಲ್ಲಿಸಬೇಕಿತ್ತಲ್ಲ. ಯಾಕೆ ನಿಲ್ಲಿಸಲಿಲ್ಲ?" ಅಂದರು.

ಈ ಬರಹ ಆ ಪ್ರಶ್ನೆಗೆ ನಾನು ತಡವಾಗಿ ಹುಡುಕಿದ ಉತ್ತರ.

ಮೊದಲು ಪದ ನೋಡೋಣ. ಕನ್ನಡವನ್ನು ಈಗ ಕಲಿಯುತ್ತಿರುವ, ಆದರೆ ಇಂಗ್ಲಿಷ್ ಚೆನ್ನಾಗಿ ಬರುವ ಕೇಳುಗರಿಗೆ ಇದು ಇಷ್ಟವಾಗಬಹುದು. ಟೀಕೆ ಎದುರಿಸಿದರೆ ಇಂಗ್ಲಿಷಿನಲ್ಲಿ ಫ್ಲಾಕ್ ಬಂತು ಅಂತಾರಲ್ಲ, ಆ ಫ್ಲಾಕ್ ಇಲ್ಲಿಯದೇ. ಫ್ಲೂಗ್‌ಆಬ್‌ವೇರ್‌ಕನೋನೆ ಅನ್ನುವ ಉದ್ದ ಜರ್ಮನ್ ಪದದ ಚಿಕ್ಕ ರೂಪ. ಫ್ಲೂಗ್ ಅಂದರೆ ಹಾರಾಟ, ಆಬ್‌ವೇರ್ ಅಂದರೆ ತಡೆ, ಕನೋನೆ ಅಂದರೆ ಫಿರಂಗಿ. ಬಾಂಬರ್ ವಿಮಾನಗಳಲ್ಲಿ ಕೂತ ಬ್ರಿಟಿಷ್ ಮತ್ತು ಅಮೆರಿಕನ್ ಹುಡುಗರು ತಮ್ಮ ಸುತ್ತ ಆಕಾಶದಲ್ಲಿ ಸಿಡಿಯುವ ಕಪ್ಪು ಹೊಗೆಯ ಉಂಡೆಗಳಿಗೆ ಶತ್ರುವಿನದೇ ಪದ ಇಟ್ಟುಕೊಂಡರು. ಈಗ ಅದು ಮೀಟಿಂಗ್ ರೂಮಿನ ಪದ.

ಜರ್ಮನಿಯ ಫ್ಲಾಕ್ ಫಿರಂಗಿಗಳಲ್ಲಿ ಹೆಸರುವಾಸಿಯಾದದ್ದು 8.8 ಸೆಂಟಿಮೀಟರಿನದು. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೇಲ್ಸ್ ಒಪ್ಪಂದ ಇಂಥ ಆಯುಧ ತಯಾರಿಸದ ಹಾಗೆ ಜರ್ಮನಿಯ ಕೈ ಕಟ್ಟಿಹಾಕಿತ್ತು. ಕ್ರುಪ್ ಕಂಪನಿಯ ಎಂಜಿನಿಯರುಗಳು ಸ್ವೀಡನ್ನಿಗೆ ಹೋಗಿ, ಬೋಫೋರ್ಸ್ ಕಂಪನಿಯ ಜೊತೆ ಕೂತು ಕೆಲಸ ಮಾಡಿದರು. (ಹೌದು, ಅದೇ ಬೋಫೋರ್ಸ್. ನಮ್ಮ ಅಪ್ಪಂದಿರ ತಲೆಮಾರಿಗೆ ಆ ಹೆಸರು ಕೇಳಿದರೆ ರಾಜೀವ್ ಗಾಂಧಿಯವರ ಕಾಲದ ಪೇಪರುಗಳೇ ಕಣ್ಣ ಮುಂದೆ ಬರುತ್ತವೆ.) 1933ರಲ್ಲಿ ಸೈನ್ಯಕ್ಕೆ ಬಂದ ಈ ಫಿರಂಗಿಗೆ ಫ್ಲಾಕ್ 18 ಅಂತ ಹೆಸರಿಟ್ಟರು, ಏನೋ 1918ರ ಹಳೇ ಮಾಲು ಅನ್ನುವ ಹಾಗೆ. ಇದೇ ಫಿರಂಗಿ ಮುಂದೆ ಫ್ರಾನ್ಸಿನಲ್ಲಿ, ಉತ್ತರ ಆಫ್ರಿಕಾದಲ್ಲಿ ನಳಿಗೆ ಕೆಳಗಿಳಿಸಿ ಟ್ಯಾಂಕುಗಳನ್ನು ಹೊಡೆಯಿತು. ಯೂಟ್ಯೂಬಿನಲ್ಲಿ ಆ ಕಥೆ ಬೇಕಾದಷ್ಟಿದೆ, ನಾನು ಬಿಟ್ಟು ಮುಂದೆ ಹೋಗ್ತೀನಿ. ನನಗೆ ಬೇಕಾದದ್ದು ಅದು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸ.

ಆ ಕೆಲಸ ಎಷ್ಟು ಕಷ್ಟ ಅಂತ ನೋಡಿ. ಸುಮಾರು ಒಂಬತ್ತು ಕಿಲೋ ತೂಕದ ಶೆಲ್ ನಳಿಗೆ ಬಿಡುವಾಗ ಸೆಕೆಂಡಿಗೆ 820 ಮೀಟರ್ ವೇಗ. ಮೇಲೆ ಹೋಗ್ತಾ ಹೋಗ್ತಾ ನಿಧಾನವಾಗುತ್ತೆ. ಏಳೂವರೆ ಕಿಲೋಮೀಟರ್ ಎತ್ತರದಲ್ಲಿ ಹಾರುವ ಅಮೆರಿಕದ ಬಿ-17 ಬಾಂಬರನ್ನು ಮುಟ್ಟೋಕೆ ಇಪ್ಪತ್ತು ಸೆಕೆಂಡ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಆ ವಿಮಾನ ಸುಮಾರು ಎರಡು ಕಿಲೋಮೀಟರ್ ಮುಂದೆ ಹೋಗಿರುತ್ತೆ. ಅಂದರೆ ನೀವು ಕಣ್ಣಿಗೆ ಕಾಣುವ ವಿಮಾನಕ್ಕೆ ಗುರಿ ಇಡೋ ಹಾಗೇ ಇಲ್ಲ. ಇಪ್ಪತ್ತು ಸೆಕೆಂಡ್ ಆದಮೇಲೆ ಅದು ಎಲ್ಲಿರಬಹುದೋ ಆ ಖಾಲಿ ಆಕಾಶಕ್ಕೆ ಗುರಿ ಇಡಬೇಕು. ಕ್ರಿಕೆಟ್ಟಿನಲ್ಲಿ ಮೇಲಕ್ಕೆ ಹೋದ ಕ್ಯಾಚಿಗೆ ಫೀಲ್ಡರ್ ಚೆಂಡು ಈಗ ಇರುವ ಕಡೆಗಲ್ಲ, ಬೀಳುವ ಕಡೆಗೆ ಓಡುತ್ತಾನಲ್ಲ, ಹಾಗೆ. ಆದರೆ ಇಲ್ಲಿ ಚೆಂಡಿನೊಳಗೆ ಹತ್ತು ಜನ ಕೂತಿದ್ದಾರೆ, ಅವರಿಗೆ ಮನಸ್ಸು ಬಂದರೆ ದಿಕ್ಕು ಬದಲಿಸಬಲ್ಲರು.

ಇನ್ನೊಂದು ತೊಂದರೆ. ಶೆಲ್ ನೇರವಾಗಿ ವಿಮಾನಕ್ಕೆ ಬಡಿಯೋದು ಅಪರೂಪ. ವಿಮಾನದ ಹತ್ತಿರ ಗಾಳಿಯಲ್ಲೇ ಸಿಡಿಯಬೇಕು, ಚೂರುಗಳು ಹೊಡೆಯಬೇಕು. ಎಷ್ಟು ಸೆಕೆಂಡಿಗೆ ಸಿಡಿಯಬೇಕು ಅಂತ ಹಾರಿಸುವ ಮುಂಚೆಯೇ ಅದರ ಮೂತಿಯ ಫ್ಯೂಸಿನಲ್ಲಿ ಗಡಿಯಾರದ ಹಾಗೆ ತಿರುಗಿಸಿ ಇಡಬೇಕು. ಅರ್ಧ ಸೆಕೆಂಡ್ ಹೆಚ್ಚುಕಮ್ಮಿಯಾದರೆ ನೂರು ಮೀಟರಿಗಿಂತ ದೂರದಲ್ಲಿ ಸಿಡಿದುಹೋಗುತ್ತೆ. ವಿಮಾನದ ಹತ್ತಿರ ಬಂದಾಗ ತಾನೇ ರೇಡಿಯೋ ಅಲೆಯಿಂದ ತಿಳಿದುಕೊಂಡು ಸಿಡಿಯುವ ಫ್ಯೂಸನ್ನು ಅಮೆರಿಕನ್ನರು ಯುದ್ಧದ ಮಧ್ಯದಲ್ಲಿ ತಯಾರಿಸಿಕೊಂಡರು. ಜರ್ಮನರ ಹತ್ತಿರ ಅದು ಕೊನೆಯವರೆಗೂ ಬಳಕೆಗೆ ಬರಲೇ ಇಲ್ಲ.

ಹಾಗಾಗಿ ಲೆಕ್ಕ ಮಾಡೋಕೆ ಒಂದು ಯಂತ್ರ ಇತ್ತು. ಕೊಮಾಂಡೋಗೆರೇಟ್ ಅಂತ ಅದರ ಹೆಸರು. ನಾಲ್ಕು ಮೀಟರ್ ಉದ್ದದ ಜೋಡಿ ದುರ್ಬೀನು, ಅದರ ಹೊಟ್ಟೆಯಲ್ಲಿ ಹಲ್ಲುಗಾಲಿ, ಸರಳು, ಸಿಲಿಂಡರುಗಳು. ವಿಮಾನವನ್ನು ದುರ್ಬೀನಿನಲ್ಲಿ ಹಿಂಬಾಲಿಸುತ್ತಾ ಇದ್ದರೆ ಅದರ ದೂರ, ಎತ್ತರ, ವೇಗ ಎಲ್ಲವೂ ಗಾಲಿಗಳ ತಿರುಗಾಟವಾಗಿ ಬದಲಾಗಿ, ಮುಂದೆ ಎಲ್ಲಿರುತ್ತೆ ಅನ್ನುವ ಉತ್ತರ ಕೇಬಲಿನಲ್ಲಿ ಪ್ರತಿ ಫಿರಂಗಿಗೂ ಹೋಗುತ್ತಿತ್ತು. ಫಿರಂಗಿಯ ಹತ್ತಿರ ಇರುವವನು ಆಕಾಶ ನೋಡಬೇಕಾಗಿಯೇ ಇರಲಿಲ್ಲ. ಮುಂದಿರುವ ಡಯಲಿನಲ್ಲಿ ಒಂದು ಮುಳ್ಳು ಸರಿದರೆ, ಕೈಚಕ್ರ ತಿರುಗಿಸಿ ಇನ್ನೊಂದು ಮುಳ್ಳನ್ನು ಅದಕ್ಕೆ ಕೂಡಿಸಬೇಕು. ಅಷ್ಟೇ ಕೆಲಸ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ ಇದು ಭವಿಷ್ಯ ಹೇಳುವ ಕಂಪ್ಯೂಟರ್. ನಾನು ಹೊಟ್ಟೆಪಾಡಿಗೆ ಮಾಡೋದು ಇದನ್ನೇ, ನಾಳೆ ಎಷ್ಟು ಪಾರ್ಸೆಲ್ ಬರುತ್ತೆ ಅಂತ ಹೇಳೋದು. ಅದೇ ಕಾಲದಲ್ಲಿ ಅಮೆರಿಕದಲ್ಲಿ ನಾರ್ಬರ್ಟ್ ವೀನರ್ ಅನ್ನುವ ಗಣಿತಜ್ಞ ವಿಮಾನದ ಮುಂದಿನ ಜಾಗ ಊಹಿಸುವ ಇದೇ ಸಮಸ್ಯೆಯ ಮೇಲೆ ಕೂತು ಕಂಡುಕೊಂಡ ಗಣಿತವನ್ನು ನಾವು ಇವತ್ತಿಗೂ ಪಾಠದಲ್ಲಿ ಓದ್ತೀವಿ. ನನ್ನ ಕಸುಬಿನ ಬೇರುಗಳಲ್ಲಿ ಒಂದು ಈ ಫಿರಂಗಿಯ ಕಾಲಬುಡದಲ್ಲಿದೆ ಅಂತ ಮಾಸ್ಟರ್ಸ್ ಓದುವಾಗ ಯಾರೂ ಹೇಳಿರಲಿಲ್ಲ.

ಹಗಲಿನ ಕಥೆ ಇದು. ರಾತ್ರಿ ಬರ್ತಿದ್ದವರು ಬ್ರಿಟಿಷರು. ಕತ್ತಲಲ್ಲಿ, ಮೋಡದಲ್ಲಿ ದುರ್ಬೀನು ಏನೂ ಮಾಡಲ್ಲ. ಅದಕ್ಕೆ ವುರ್ಟ್ಸ್‌ಬುರ್ಗ್ ಅನ್ನುವ ರೇಡಾರ್ ಬಂತು. ಟೆಲಿಫುಂಕೆನ್ ಕಂಪನಿಯದು, ದೊಡ್ಡ ಬಾಣಲೆಯ ಹಾಗೆ ಕಾಣುತ್ತಿತ್ತು. ಅದರ ಅಲೆಯ ಉದ್ದ ಸುಮಾರು 53 ಸೆಂಟಿಮೀಟರ್. 1942ರ ಫೆಬ್ರವರಿಯಲ್ಲಿ ಬ್ರಿಟಿಷ್ ಪ್ಯಾರಾಟ್ರೂಪರುಗಳು ಫ್ರಾನ್ಸಿನ ಬ್ರೂನೆವಾಲ್ ಎಂಬಲ್ಲಿ ರಾತ್ರಿ ಇಳಿದು, ಇಂಥ ಒಂದು ರೇಡಾರಿನ ಭಾಗಗಳನ್ನು ಬಿಚ್ಚಿಕೊಂಡು ದೋಣಿಯಲ್ಲಿ ಹೊತ್ತೊಯ್ದರು. ಈ ರೇಡಾರನ್ನು ಕುರುಡು ಮಾಡೋದು ಸುಲಭ ಅಂತ ಅವರಿಗೆ ಗೊತ್ತಿತ್ತು. ಅಲೆಯ ಅರ್ಧ ಉದ್ದಕ್ಕೆ, ಅಂದರೆ ಸುಮಾರು 27 ಸೆಂಟಿಮೀಟರಿಗೆ, ಅಲ್ಯೂಮಿನಿಯಂ ಹಾಳೆ ಅಂಟಿಸಿದ ಕಾಗದದ ಪಟ್ಟಿ ಕತ್ತರಿಸಿ ವಿಮಾನದಿಂದ ಕಂತೆ ಕಂತೆ ಸುರಿದರೆ ಸಾಕು. ರೇಡಾರಿಗೆ ಆಕಾಶದ ತುಂಬಾ ವಿಮಾನವೇ ಕಾಣುತ್ತೆ. ತಮಾಷೆ ಅಂದರೆ ಜರ್ಮನರಿಗೂ ಈ ಉಪಾಯ ಗೊತ್ತಿತ್ತು. ನಾವು ಬಳಸಿದರೆ ಅವರು ಕಲಿತುಬಿಡ್ತಾರೆ ಅಂತ ಎರಡೂ ಕಡೆಯವರು ಹೆದರಿ, ಒಂದೇ ಗುಟ್ಟನ್ನು ಒಬ್ಬರಿಂದ ಒಬ್ಬರು ಬಚ್ಚಿಟ್ಟುಕೊಂಡು ಕೂತಿದ್ದರು.

ಬ್ರಿಟಿಷರು ಅದನ್ನು ಮೊದಲ ಬಾರಿ ಸುರಿದದ್ದು ನಾನು ವಾಸ ಮಾಡುವ ಈ ಊರಿನ ಮೇಲೆ. 1943ರ ಜುಲೈ 24ರ ರಾತ್ರಿ. ಹೊರಟ ವಿಮಾನಗಳು 791, ವಾಪಸ್ ಹೋಗದೇ ಉಳಿದದ್ದು 12 ಮಾತ್ರ. ಸರ್ಚ್‌ಲೈಟುಗಳು ಗುರಿಯಿಲ್ಲದೆ ಅತ್ತಿತ್ತ ತಿರುಗಿದವು, ಫಿರಂಗಿಗಳು ಅಂದಾಜಿನಲ್ಲಿ ಹಾರಿಸಿದವು. ಮೂರು ದಿನ ಬಿಟ್ಟು, 27ರ ರಾತ್ರಿ, ಮತ್ತೆ ಬಂದರು. ಒಣ ಬೇಸಿಗೆ, ಸೆಕೆ. ಹಾಮರ್‌ಬ್ರೂಕ್ ಮತ್ತು ಅದರ ಸುತ್ತಲಿನ ಕಾರ್ಮಿಕರ ಬಡಾವಣೆಗಳಲ್ಲಿ ಸಾವಿರಾರು ಬೆಂಕಿಗಳು ಒಂದಾಗಿ ಬೆಂಕಿಯ ಬಿರುಗಾಳಿ ಎದ್ದಿತು. ನೆಲಮಾಳಿಗೆಯಲ್ಲಿ ಅಡಗಿದ್ದವರು ಉಸಿರು ಕಟ್ಟಿ ಸತ್ತರು. ಆ ವಾರ ಹ್ಯಾಂಬರ್ಗಿನಲ್ಲಿ ಸತ್ತವರು 34 ಸಾವಿರದಿಂದ 40 ಸಾವಿರ ಅನ್ನುತ್ತದೆ ಇತಿಹಾಸಕಾರರ ಅಂದಾಜು. ನಾನು ದಿನಾ ಹಾಮರ್‌ಬ್ರೂಕಿನ ಮೇಲೆಯೇ ರೈಲಿನಲ್ಲಿ ಹೋಗ್ತೀನಿ. ಈಗ ಅಲ್ಲಿ ಎಲ್ಲಾ ಗಾಜಿನ ಆಫೀಸುಗಳು. ಒಂದೂ ಹಳೇ ಮನೆ ಕಾಣಲ್ಲ. ವರ್ಷಗಟ್ಟಲೆ ನೋಡಿದರೂ ಯಾಕೆ ಅಂತ ನಾನು ಯೋಚಿಸಿರಲಿಲ್ಲ.

ಈಗ ಆ 16,000ಕ್ಕೆ ಬರೋಣ.

ಅದು 1944ರಲ್ಲಿ ಹಳೇ ಮಾದರಿಯ 8.8 ಸೆಂ.ಮೀ. ಫಿರಂಗಿಗೆ ಸಂಬಂಧಿಸಿದ ಅಂಕಿ. ಆ ಹೊತ್ತಿಗೆ ನಳಿಗೆಗಳು ಸವೆದಿದ್ದವು, ಪಳಗಿದ ಸೈನಿಕರು ರಷ್ಯಾದ ಕಡೆ ಹೋಗಿದ್ದರು, ರೇಡಾರಿಗೆ ಕಾಗದದ ಪಟ್ಟಿಗಳ ಕಾಟ, ಎಷ್ಟೋ ಗುಂಡುಗಳನ್ನು ಗುರಿಯೇ ಇಲ್ಲದೆ ಮೋಡದ ಕಡೆಗೆ ಗೋಡೆ ಕಟ್ಟಿದ ಹಾಗೆ ಹಾರಿಸುತ್ತಿದ್ದರು. ಅದೇ ವೇಳೆ 12.8 ಸೆಂ.ಮೀ. ದೊಡ್ಡ ಫಿರಂಗಿಗೆ ಒಂದು ವಿಮಾನಕ್ಕೆ ಬೇಕಾಗುತ್ತಿದ್ದದ್ದು ಸುಮಾರು 3,000 ಗುಂಡು. ನಮ್ಮ ಫೆಲ್ಡ್‌ಸ್ಟ್ರಾಸೆ ಗೋಪುರದ ನೆತ್ತಿಯ ನಾಲ್ಕು ಮೂಲೆಯಲ್ಲಿ ಇದ್ದವು ಇವೇ, ಜೋಡಿ ಜೋಡಿಯಾಗಿ. ನಾನು ಪಾಡ್‌ಕಾಸ್ಟಿನಲ್ಲಿ ಮಾಡಿದ ಮೊದಲ ತಪ್ಪು ಇದು. ಒಂದು ವರ್ಷದ, ಒಂದು ಮಾದರಿಯ, ಅತಿ ಕೆಟ್ಟ ಅಂಕಿಯನ್ನು ಇಡೀ ಯುದ್ಧದ ಸರಾಸರಿ ಅನ್ನುವ ಹಾಗೆ ಹೇಳಿದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಆ ಅಂಕಿ ಬಿದ್ದ ವಿಮಾನಗಳನ್ನು ಮಾತ್ರ ಎಣಿಸುತ್ತೆ.

ಡೇಟಾ ಸೈನ್ಸ್ ಓದಿದ ಯಾರನ್ನು ಕೇಳಿದರೂ ಒಂದು ಚಿತ್ರ ಗೊತ್ತಿರುತ್ತೆ: ಕೆಂಪು ಚುಕ್ಕೆ ತುಂಬಿದ ವಿಮಾನದ ನಕ್ಷೆ. ಗುಂಡಿನ ತೂತುಗಳು ಎಲ್ಲಿ ಹೆಚ್ಚಿವೆಯೋ ಅಲ್ಲಿಗೆ ರಕ್ಷಾಕವಚ ಹಾಕೋಣ ಅಂತ ಎಲ್ಲರೂ ಅಂದಾಗ ಅಬ್ರಹಾಂ ವಾಲ್ಡ್, ಅಲ್ಲ, ತೂತು ಇಲ್ಲದ ಕಡೆಗೆ ಹಾಕಿ, ಅಲ್ಲಿ ಏಟು ತಿಂದವು ವಾಪಸ್ಸೇ ಬಂದಿಲ್ಲ, ಅಂದರಂತೆ. ಕಥೆ ಹೇಳ್ತಾ ಹೇಳ್ತಾ ಸಿನಿಮಾ ಆಗಿಬಿಟ್ಟಿದೆ. ನಿಜವಾದ ವಾಲ್ಡ್ 1943ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂತು ಬರೆದದ್ದು ಸಮೀಕರಣ ತುಂಬಿದ ಒಣ ಟಿಪ್ಪಣಿಗಳು. ಮರಳಿ ಬಂದ ವಿಮಾನದ ಗಾಯ ನೋಡಿ, ಬರದೇ ಹೋದ ವಿಮಾನದ ಬಗ್ಗೆ ಅಂದಾಜು ಮಾಡುವ ವಿಧಾನ. ಆತ ವಿಯೆನ್ನಾದಲ್ಲಿ ಬೆಳಗಿದ ಯಹೂದಿ ಗಣಿತಜ್ಞ. 1938ರಲ್ಲಿ ನಾಜಿಗಳು ಬಂದಾಗ ಅಮೆರಿಕಕ್ಕೆ ಹೋದರು, ಹಿಂದೆ ಉಳಿದ ಕುಟುಂಬದ ಬಹುತೇಕರು ನರಮೇಧದಲ್ಲಿ ಸತ್ತರು. ಇನ್ನೊಂದು ವಿಷಯ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ವಾಲ್ಡ್ ತೀರಿಕೊಂಡದ್ದು ನಮ್ಮ ಮೈಸೂರಿನ ದಕ್ಷಿಣಕ್ಕಿರುವ ನೀಲಗಿರಿ ಬೆಟ್ಟದಲ್ಲಿ. 1950ರ ಡಿಸೆಂಬರಿನಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದರು, ಅವರಿದ್ದ ಏರ್ ಇಂಡಿಯಾ ವಿಮಾನ ಬೆಟ್ಟಕ್ಕೆ ಬಡಿಯಿತು. ಹೆಂಡತಿಯೂ ಜೊತೆಗಿದ್ದರು. ವಯಸ್ಸು 48.

ವಾಲ್ಡ್ ಮರಳಿ ಬಂದ ವಿಮಾನಗಳಿಂದ ಬಿದ್ದ ವಿಮಾನಗಳನ್ನು ಓದಿದರು. ನನ್ನ ಪ್ರಶ್ನೆಗೆ ಅದನ್ನೇ ತಿರುವಿ ಹಾಕಬೇಕು. ಬೀಳದೇ ಇದ್ದ ವಿಮಾನಕ್ಕೆ ಫ್ಲಾಕ್ ಏನು ಮಾಡಿತು?

ಒಂದು, ಅದನ್ನು ಮೇಲಕ್ಕೆ ಓಡಿಸಿತು. ಫಿರಂಗಿಗೆ ಹೆದರಿ ಎತ್ತರದಲ್ಲಿ ಹಾರಿದಷ್ಟೂ ಬಾಂಬು ಗುರಿ ತಪ್ಪುತ್ತೆ. ಎರಡು, ಅದರ ಕೈ ನಡುಗಿಸಿತು. ಬಾಂಬು ಬಿಡುವ ಮುಂಚಿನ ಕೆಲವು ನಿಮಿಷ ಬಾಂಬರ್ ವಿಮಾನ ಅಲುಗಾಡದೆ, ದಿಕ್ಕು ಬದಲಿಸದೆ, ಒಂದೇ ಎತ್ತರದಲ್ಲಿ ನೇರವಾಗಿ ಹೋಗಬೇಕು, ಇಲ್ಲದಿದ್ದರೆ ಗುರಿಯಂತ್ರ ಕೆಲಸ ಮಾಡಲ್ಲ. ಕೆಳಗಿನ ಕೊಮಾಂಡೋಗೆರೇಟಿಗೂ ಬೇಕಾದದ್ದು ಅದೇ, ನೇರವಾಗಿ ಹೋಗುವ ವಿಮಾನ. ಎರಡು ಯಂತ್ರಗಳೂ ಒಂದೇ ಊಹೆಯ ಮೇಲೆ ನಿಂತಿವೆ. ಆ ನಿಮಿಷಗಳಲ್ಲಿ ಸುತ್ತ ಹೊಗೆಯುಂಡೆ ಸಿಡಿಯುತ್ತಿರುವಾಗ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಸುಮ್ಮನೆ ಕೂತಿರಬೇಕು. ಕೆಲವರು ತಿರುಗಿಸಿದರು, ಕೆಲವರು ಬಾಂಬನ್ನು ಬೇಗ ಬಿಟ್ಟು ಹೊರಟರು. ಗುರಿ ತಪ್ಪಲು ಫ್ಲಾಕ್ ಒಂದು ದೊಡ್ಡ ಕಾರಣ ಅಂತ ಅಮೆರಿಕದ ವಾಯುಪಡೆಯ ವಿಶ್ಲೇಷಕರೇ ಯುದ್ಧ ನಡೆಯುವಾಗಲೇ ಬರೆದಿಟ್ಟಿದ್ದಾರೆ. ಮೂರು, ಏಟು ತಿಂದು ಗುಂಪಿನಿಂದ ಹಿಂದೆ ಬಿದ್ದ ವಿಮಾನವನ್ನು ಜರ್ಮನ್ ಯುದ್ಧವಿಮಾನಗಳು ಬಂದು ಮುಗಿಸುತ್ತಿದ್ದವು. ಅದರ ಪುಣ್ಯವೋ ಪಾಪವೋ ಫಿರಂಗಿಯ ಖಾತೆಗೆ ಬರುತ್ತಿರಲಿಲ್ಲ.

ಬೀಳಿಸಿದ ಲೆಕ್ಕ ಹಿಡಿದರೂ ಅದು ಸಣ್ಣದಲ್ಲ. ಅಮೆರಿಕನ್ನರ ದಾಖಲೆಯ ಪ್ರಕಾರ ಯುರೋಪಿನಲ್ಲಿ ಅವರ ಸುಮಾರು 5,400 ವಿಮಾನ ಫ್ಲಾಕಿಗೆ ಬಲಿಯಾದವು, ಯುದ್ಧವಿಮಾನಗಳಿಗೆ ಸುಮಾರು 4,300.

ಅಂದಮೇಲೆ ಫ್ಲಾಕ್ ಗೆದ್ದಿತು ಅಂತ ಹೇಳ್ತಿದ್ದೀನಾ? ಇಲ್ಲ. ಲೈಪ್‌ಜಿಗ್ ಹತ್ತಿರದ ಲೊಯ್ನಾ ಅನ್ನುವ ಊರು ನೋಡಿ. ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡುವ ದೊಡ್ಡ ಕಾರ್ಖಾನೆ ಅಲ್ಲಿತ್ತು. 1944ರ ಮೇ ತಿಂಗಳಿಂದ ಅದರ ಮೇಲೆ 22 ಬಾರಿ ದಾಳಿ, 18 ಸಾವಿರ ಟನ್ನಿಗೂ ಹೆಚ್ಚು ಬಾಂಬು. ಸುತ್ತ ನೂರಾರು ಫಿರಂಗಿ, ಜೊತೆಗೆ ಕೃತಕ ಹೊಗೆ. ಇದೆಲ್ಲದರಿಂದಾಗಿ ಬಿದ್ದ ಬಾಂಬುಗಳಲ್ಲಿ ಹತ್ತರಲ್ಲಿ ಒಂದು ಮಾತ್ರ ಕಾರ್ಖಾನೆಯ ಬೇಲಿಯೊಳಗೆ ಬಿತ್ತು. ಅಷ್ಟೇ ಸಾಕಾಯ್ತು. ಯುದ್ಧ ಮುಗಿಯುವವರೆಗೂ ಕಾರ್ಖಾನೆ ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. ಲೊಯ್ನಾದಂಥ ಕಾರ್ಖಾನೆಗಳಿಂದ ಪೆಟ್ರೋಲ್ ಜೊತೆಗೆ ಸಿಡಿಮದ್ದಿಗೆ ಬೇಕಾದ ಸಾರಜನಕವೂ ಬರುತ್ತಿತ್ತು. ಅದು ನಿಂತ ಮೇಲೆ ಜರ್ಮನರು ಶೆಲ್ಲುಗಳ ಒಳಗೆ ಸಿಡಿಮದ್ದಿಗೆ ಕಲ್ಲುಪ್ಪು ಬೆರೆಸಿ ತುಂಬಿದರು. ಉಪ್ಪಿನಕಾಯಿಗೆ ಹಾಕ್ತೀವಲ್ಲ, ಅದೇ. ಕಾಯಬೇಕಾದ ಕಾರ್ಖಾನೆಯನ್ನು ಕಾಯಲು ಆಗದಿದ್ದರೆ ಫಿರಂಗಿಯ ಹೊಟ್ಟೆಗೇ ಉಪ್ಪು ಬೀಳುತ್ತೆ.

ಅಪ್ಪನ "ಯಾಕೆ ನಿಲ್ಲಿಸಲಿಲ್ಲ" ಅನ್ನುವುದಕ್ಕೆ ನನ್ನ ಉತ್ತರ ಇಷ್ಟು: ನಿಲ್ಲಿಸಿದ್ದರೆ ಬಾಂಬರುಗಳು ಕೆಳಗೆ, ನೇರವಾಗಿ, ನಿಧಾನವಾಗಿ ಬಂದು ಹತ್ತರಲ್ಲಿ ಐದನ್ನು ಬೇಲಿಯೊಳಗೆ ಹಾಕ್ತಿದ್ದವು. ಆದರೆ ನಡೆಸಿಕೊಂಡು ಹೋಗೋದೂ ಅಗ್ಗವಾಗಿರಲಿಲ್ಲ. 1944ರಲ್ಲಿ ಸುಮಾರು ಹತ್ತು ಸಾವಿರ ಭಾರಿ ಫಿರಂಗಿಗಳು, ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ಕೆಲಸಕ್ಕೆ ಕಟ್ಟುಬಿದ್ದಿದ್ದರು. ಆ ಲೋಹ, ಆ ದುರ್ಬೀನಿನ ಗಾಜು, ಆ ಜನ ಬೇರೆಲ್ಲಿಗೋ ಬೇಕಿತ್ತು. ಅದೇ ದುಡ್ಡನ್ನು ಯುದ್ಧವಿಮಾನಗಳಿಗೆ ಹಾಕಬೇಕಿತ್ತು ಅನ್ನುವ ಇತಿಹಾಸಕಾರರಿದ್ದಾರೆ. ವಿಮಾನ ಇದ್ದರೂ ಪೆಟ್ರೋಲ್ ಮತ್ತು ಪೈಲಟ್ ಎಲ್ಲಿತ್ತು ಅಂತ ಕೇಳುವವರೂ ಇದ್ದಾರೆ. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಅನ್ನಿಸುತ್ತೆ.

ಆ ಹತ್ತು ಲಕ್ಷ ಜನ ಯಾರು ಅನ್ನೋದು ನನ್ನ ಮೂರನೇ ತಪ್ಪು. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

1943ರ ಫೆಬ್ರವರಿಯಿಂದ ಹೈಸ್ಕೂಲ್ ಹುಡುಗರನ್ನು ಕರೆದರು. 1926 ಮತ್ತು 1927ರಲ್ಲಿ ಹುಟ್ಟಿದವರು, ಮುಂದಿನ ವರ್ಷ 1928ರವರೂ. ಹದಿನೈದು, ಹದಿನಾರು, ಹದಿನೇಳು. ಇಡೀ ತರಗತಿಯನ್ನೇ ಎತ್ತಿ ಊರಾಚೆಯ ಫಿರಂಗಿ ಸಾಲಿಗೆ ಕಳಿಸುತ್ತಿದ್ದರು. ಮೇಷ್ಟರು ಅಲ್ಲಿಗೇ ಬಂದು ವಾರಕ್ಕೆ 18 ಗಂಟೆ ಪಾಠ ಮಾಡಬೇಕು ಅಂತ ಆದೇಶ. ರಾತ್ರಿಯಿಡೀ ಸೈರನ್, ಬೆಳಗ್ಗೆ ಲ್ಯಾಟಿನ್ ವ್ಯಾಕರಣ. ಡಯಲಿನ ಮುಳ್ಳಿಗೆ ಮುಳ್ಳು ಕೂಡಿಸುವ ಕೆಲಸ ನೆನಪಿದೆಯಲ್ಲ? ಕೈಚಕ್ರ ತಿರುಗಿಸುತ್ತಿದ್ದವರು ಇವರು. ಫ್ಲಾಕ್‌ಹೆಲ್ಫರ್, ಫ್ಲಾಕ್ ಸಹಾಯಕ ಅಂತ ಕರೆಯುತ್ತಿದ್ದರು. ಒಟ್ಟು ಸುಮಾರು ಎರಡು ಲಕ್ಷ. ಕಾಗದದ ಪ್ರಕಾರ ಸೈನಿಕರಲ್ಲ, ಆದರೆ ಮೇಲಿಂದ ಬೀಳುವ ಬಾಂಬು ಕಾಗದ ನೋಡಲ್ಲ. ತೋಳಿಗೆ ಹಿಟ್ಲರ್ ಯುವದಳದ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ಊರೊಳಗೆ ಹೋಗುವಾಗ ಹುಡುಗರು ಅದನ್ನು ಬಿಚ್ಚಿ ಜೇಬಿಗಿಟ್ಟುಕೊಳ್ಳುತ್ತಿದ್ದರಂತೆ. ರಾಜಕೀಯಕ್ಕಲ್ಲ, ದೊಡ್ಡವರ ಹಾಗೆ ಕಾಣಬೇಕು ಅಂತ. ಮುಂದೆ ಪೋಪ್ ಆದ ಯೋಸೆಫ್ ರಾಟ್ಸಿಂಗರ್ ಮ್ಯೂನಿಕ್ ಸುತ್ತಮುತ್ತ ಇದೇ ಕೆಲಸದಲ್ಲಿದ್ದರು. ಕಾದಂಬರಿಕಾರ ಗುಂಟರ್ ಗ್ರಾಸ್ ಇದ್ದರು. ಜರ್ಮನಿ ಒಂದಾಗುವಾಗ ವಿದೇಶಾಂಗ ಮಂತ್ರಿಯಾಗಿದ್ದ ಗೆನ್ಷರ್ ಇದ್ದರು. ಈ ತಲೆಮಾರಿಗೇ ಇಲ್ಲಿ ಫ್ಲಾಕ್‌ಹೆಲ್ಫರ್ ತಲೆಮಾರು ಅಂತ ಹೆಸರು.

ಅವರ ಪಕ್ಕದಲ್ಲಿ ಶೆಲ್ ಎತ್ತಿಕೊಡುತ್ತಿದ್ದವರು ಎಷ್ಟೋ ಕಡೆ ಸೋವಿಯತ್ ಯುದ್ಧಕೈದಿಗಳು. ಸರ್ಚ್‌ಲೈಟಿನ ಹತ್ತಿರ, ಟೆಲಿಫೋನಿನ ಹತ್ತಿರ ಹುಡುಗಿಯರು. ನಾನು 16,000 ಅಂತ ನಗುವಾಗ ಒಂದೊಂದು ಗುಂಡೂ ಯಾರದೋ ತೋಳಿನ ಮೂಲಕ ಹೋಗಿತ್ತು.

ನಾವು ನಿಂತಿದ್ದ ಗೋಪುರವನ್ನೂ ಹಾಗೆಯೇ ಕಟ್ಟಿದ್ದು. ಬರ್ಲಿನ್ ಮೇಲೆ 1940ರ ಆಗಸ್ಟಿನಲ್ಲಿ ಮೊದಲ ಬ್ರಿಟಿಷ್ ಬಾಂಬು ಬಿದ್ದ ಮೇಲೆ ಹಿಟ್ಲರ್ ಹುಕುಂ ಮಾಡಿದ. ಬರ್ಲಿನ್ನಿನಲ್ಲಿ ಮೂರು, ಹ್ಯಾಂಬರ್ಗಿನಲ್ಲಿ ಎರಡು, ವಿಯೆನ್ನಾದಲ್ಲಿ ಮೂರು. ಪ್ರತಿಯೊಂದೂ ಜೋಡಿ: ಫಿರಂಗಿಯ ಗೋಪುರ ಒಂದು, ಅದರಿಂದ ದೂರದಲ್ಲಿ ರೇಡಾರಿನದು ಇನ್ನೊಂದು. ಇದನ್ನು ಸುಮಾರು 300 ದಿನದಲ್ಲಿ ಎತ್ತಿ ನಿಲ್ಲಿಸಿದವರಲ್ಲಿ ಬಲವಂತವಾಗಿ ಹಿಡಿದು ತಂದ ಕೂಲಿಗಳೇ ಸಾವಿರಕ್ಕೂ ಹೆಚ್ಚು. 18 ಸಾವಿರ ಜನರಿಗೆ ಅಂತ ಮಾಡಿದ ಜಾಗದಲ್ಲಿ 1943ರ ಜುಲೈಯಲ್ಲಿ 25 ಸಾವಿರದವರೆಗೂ ಜನ ತುಂಬಿಕೊಂಡಿದ್ದರು. ಮೇಲೆ ಫಿರಂಗಿ ಸಿಡಿದಾಗಲೆಲ್ಲ ಗೋಡೆ ಅದುರುತ್ತಿತ್ತು, ಆದರೆ ಒಳಗಿದ್ದವರು ಬದುಕಿದರು. ಅಪ್ಪ ಕೇಳಿದ ಲೆಕ್ಕಕ್ಕೆ ಈ ಅಂಕಿಯೂ ಸೇರಬೇಕು. ಜೊತೆಗೆ ಇನ್ನೊಂದು: ಪೂರ್ವ ಯುರೋಪಿನಿಂದ ಎಳೆತಂದ ಕೂಲಿಗಳಿಗೆ, ಯಹೂದಿಗಳಿಗೆ ಸಾರ್ವಜನಿಕ ಬಂಕರುಗಳ ಬಾಗಿಲು ಮುಚ್ಚಿತ್ತು. ಕಟ್ಟಿದವರು ಹೊರಗೆ.

ಯುದ್ಧ ಮುಗಿದ ಮೇಲೆ ಒಡೆಯೋಕೆ ಹೋದರೆ ಅಷ್ಟು ಸಿಡಿಮದ್ದಿಗೆ ಸುತ್ತಲ ಬಡಾವಣೆಯೇ ಹೋಗುತ್ತಿತ್ತು, ಬಿಟ್ಟರು. 1952ರ ಡಿಸೆಂಬರ್ 25ರಂದು ಉತ್ತರ ಜರ್ಮನಿಯ ಟೆಲಿವಿಷನ್ ಶುರುವಾದದ್ದು ಈ ಬಂಕರಿನೊಳಗಿನ ಸ್ಟುಡಿಯೋದಿಂದ. ಊರಿನ ಇನ್ನೊಂದು ಗೋಪುರ, ವಿಲ್‌ಹೆಲ್ಮ್ಸ್‌ಬುರ್ಗಿನದು, ಈಗ ಸೂರ್ಯನ ಶಾಖವನ್ನೂ ಬಳಸಿಕೊಂಡು ಅಕ್ಕಪಕ್ಕದ ಮನೆಗಳಿಗೆ ಬಿಸಿನೀರು ಕೊಡುತ್ತೆ. ವಿಯೆನ್ನಾದ ಒಂದರಲ್ಲಿ ಮೀನು, ಆಮೆ, ಶಾರ್ಕ್ ಇವೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಈ ಓದೆಲ್ಲಾ ಮುಗಿಯುವಷ್ಟರಲ್ಲಿ ಅಪ್ಪ ಅಮ್ಮ ಊರಿಗೆ ವಾಪಸ್ ಹೋಗಿದ್ದರು. ಭಾನುವಾರದ ಫೋನಿನಲ್ಲಿ ಎಲ್ಲ ಹೇಳಿದೆ. ಲೊಯ್ನಾ, ಕಲ್ಲುಪ್ಪು, ನೀಲಗಿರಿ ಎಲ್ಲಾ ಕೇಳಿಸಿಕೊಂಡು ಕೊನೆಗೆ ಕೇಳಿದರು: "ಆ ಸ್ಕೂಲ್ ಹುಡುಗ್ರು ಆಮೇಲೆ ಏನಾದ್ರು?"

ಉಳಿದುಕೊಂಡವರದ್ದು ಹೇಳಿದೆ. ಓದು ಅರ್ಧಕ್ಕೆ ಬಿಡಿಸಿ ಕರೆದುಕೊಂಡು ಹೋಗುವಾಗ ಅವರ ಕೈಗೆ ಒಂದು ಚೀಟಿ ಕೊಡುತ್ತಿದ್ದರು, ಇವನು ಕೊನೇ ಪರೀಕ್ಷೆ ಪಾಸಾದ ಹಾಗೆ ಲೆಕ್ಕ ಅಂತ. 1945ರ ನಂತರ ವಿಶ್ವವಿದ್ಯಾಲಯಗಳಿಗೆ ಅದನ್ನು ಹಿಡಿದುಕೊಂಡು ಹೋದರೆ ಎಷ್ಟೋ ಕಡೆ ಒಪ್ಪಲಿಲ್ಲ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು ಮತ್ತೆ ಹೈಸ್ಕೂಲಿನ ಬೆಂಚಿಗೆ ಬಂದು ಕೂತರು.

"ಅದೇ ಮೇಷ್ಟ್ರೇನಾ?" ಅಂದರು ಅಪ್ಪ.

ಕೆಲವು ಕಡೆ ಅದೇ ಮೇಷ್ಟರು ಇದ್ದಿರಬೇಕು, ಅಂದೆ.